ಗಂಧರಾಜದ ಎಲೆ ತಿನ್ನುವ ಹುಳು, ಹಗಲಲ್ಲಿ ಹಾರುವ ಪತಂಗ

ಮನೆಯಂಗಳದಲ್ಲಿ ಗಂಧರಾಜ ಬೆಳೆಸಿದವರಿಗೆ ಈ ಅನುಭವ ಹೊಸದಲ್ಲ. ಮೊನ್ನೆಯವರೆಗೆ ತಳತಳ ಚಿಗುರಿದ್ದ ಕೊಂಬೆ ಇವತ್ತು ನೋಡಿದರೆ ಬರಿಯ ಕಡ್ಡಿ. ಅಲ್ಲಲ್ಲಿ ಎಲೆಯ ನಡುನರವಷ್ಟೇ ಉಳಿದಿದೆ. ಗಿಡದ ಬುಡದಲ್ಲಿ, ಕುಂಡದ ಅಂಚಿನಲ್ಲಿ ಕಪ್ಪು ಹಿಕ್ಕೆ ಉದುರಿದೆ. ಎಷ್ಟೋ ಮನೆಗಳಲ್ಲಿ ಅದೇ ಸಂಜೆ ನರ್ಸರಿಯಿಂದ ಔಷಧಿ ಬರುತ್ತದೆ, ಮಾರನೆಯ ಬೆಳಿಗ್ಗೆ ಗಿಡವೆಲ್ಲ ಅದರ ವಾಸನೆ.

ಅದೇ ಮನೆಯ ಅಂಗಳದಲ್ಲಿ ಇನ್ನೊಂದು ದಿನ, ಕೇಪಳದ ಅಥವಾ ಲಂಟಾನದ ಹೂಗೊಂಚಲಿನ ಮುಂದೆ ಏನೋ ಒಂದು ಗುಂಯ್‌ಗುಡುತ್ತ ಗಾಳಿಯಲ್ಲೇ ನಿಂತಿರುತ್ತದೆ. ದುಂಬಿ ಎನ್ನೋಣವೆಂದರೆ ಹೂವಿನ ಮೇಲೆ ಕೂರುವುದಿಲ್ಲ, ಹಕ್ಕಿ ಎನ್ನೋಣವೆಂದರೆ ಹೆಬ್ಬೆರಳಷ್ಟೂ ಇಲ್ಲ. ರೆಕ್ಕೆ ಇದೆಯೋ ಇಲ್ಲವೋ ಎಂಬಷ್ಟು ಪಾರದರ್ಶಕ. ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಓಡಿ ಬರುತ್ತಾರೆ. ವಾಟ್ಸ್ಯಾಪ್ ಗುಂಪುಗಳಲ್ಲಿ ‘ನಮ್ಮ ಮನೆಗೆ ಹಮ್ಮಿಂಗ್ ಬರ್ಡ್ ಬಂದಿತ್ತು’ ಎಂಬ ವಿಡಿಯೋ ಹರಿದಾಡುತ್ತದೆ. ಹಮ್ಮಿಂಗ್ ಬರ್ಡ್ ಅಮೆರಿಕ ಖಂಡಗಳ ಹಕ್ಕಿ, ನಮ್ಮಲ್ಲಿ ಅದು ಇಲ್ಲವೇ ಇಲ್ಲ. ಆ ವಿಡಿಯೋದಲ್ಲಿರುವುದು ಹಲವು ಬಾರಿ ಇದೇ ಪತಂಗ ಅಥವಾ ಇದರ ನೆಂಟ.

ಎಲೆ ತಿಂದ ಹುಳುವೂ ಹೂವಿನ ಮುಂದೆ ನಿಂತ ಆ ಸೋಜಿಗವೂ ಒಂದೇ ಜೀವಿ. ಇದು ಗೊತ್ತಿಲ್ಲದೆ ನಾವು ಒಂದನ್ನು ಕೊಂದು ಇನ್ನೊಂದನ್ನು ಬೆರಗಿನಿಂದ ನೋಡುತ್ತೇವೆ. ಗೊತ್ತಾದ ಮೇಲೆ ಗಂಧರಾಜದ ಒಂದು ಕೊಂಬೆಯನ್ನು ಅದಕ್ಕೆ ಬಿಟ್ಟುಕೊಡುವುದು ಕಷ್ಟವೆನಿಸದು. ಮೊಟ್ಟೆಯಿಂದ ಮೊದಲ ಹಾರಾಟದವರೆಗೆ ಒಂದು ಪತಂಗದ ಬದುಕನ್ನು ಪೂರ್ತಿಯಾಗಿ ಮನೆಯಲ್ಲೇ ನೋಡಲು ಇದಕ್ಕಿಂತ ಸುಲಭದ ಜೀವಿ ನಮ್ಮ ಊರುಗಳಲ್ಲಿ ಸಿಗುವುದು ಕಡಿಮೆ.

ಇದರ ವೈಜ್ಞಾನಿಕ ಹೆಸರು ಸೆಫೋನೋಡಿಸ್ ಹೈಲಾಸ್, ಪತಂಗಗಳಲ್ಲಿ ಸ್ಫಿಂಜಿಡೇ ಕುಟುಂಬದ್ದು. 1771ರಲ್ಲಿ ಲಿನ್ನೇಯಸ್ ಇದನ್ನು ಮೊದಲು ವಿವರಿಸಿದ. ಇಂಗ್ಲಿಷ್‌ನಲ್ಲಿ ಕಾಫಿ ಬೀ ಹಾಕ್‌ಮಾತ್ ಎನ್ನುತ್ತಾರೆ. ಕನ್ನಡದಲ್ಲಿ ಕಾಫಿ ದುಂಬಿ ಪತಂಗ ಎಂದರೆ ಸಾಕು. ಆಫ್ರಿಕಾದಿಂದ ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾ, ಚೀನಾ ದಾಟಿ ಜಪಾನಿನವರೆಗೂ ಇದರ ಹರವು ಇದೆ. ಗಂಧರಾಜ ಮತ್ತು ಕಾಫಿ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು, ರೂಬಿಯೇಸಿ. ಈ ಹುಳುವಿನ ಊಟವೆಲ್ಲ ಆ ಕುಟುಂಬದೊಳಗೇ. ಹೂದೋಟವಿಲ್ಲದ ಕುರುಚಲು ಕಾಡಿನಲ್ಲೂ ಬಿಕ್ಕೆ, ಕಾರೆ ಗಿಡಗಳ ನಂಟರಿಷ್ಟರ ಮೇಲೆ ಇದು ಬದುಕುತ್ತದೆ. ಊರೊಳಗೆ ಗಂಧರಾಜ ನೆಟ್ಟಾಗ ನಾವು ಅದಕ್ಕೆ ಕರೆಯದೆಯೇ ಮನೆ ಕಟ್ಟಿಕೊಟ್ಟಂತಾಯಿತು.

ಗುರುತು ಹಿಡಿಯುವ ಬಗೆ

ಅಗಲಿಸಿದ ರೆಕ್ಕೆಗಳ ತುದಿಯಿಂದ ತುದಿಗೆ 45ರಿಂದ 73 ಮಿಲಿಮೀಟರ್. ಮೈ ದಪ್ಪ, ಹಿಂದಕ್ಕೆ ಹೋದಂತೆ ಚೂಪು. ತಲೆ ಮತ್ತು ಎದೆಯ ಮೇಲ್ಭಾಗ ಪಾಚಿ ಹಸಿರು, ಕೆಳಭಾಗ ಕೆನೆಬಿಳಿ. ಉದರ ಹಳದಿ ಬೆರೆತ ಹಸಿರು. ಅದರ ನಡುವೆ ಕೆಂಗಂದು ಬಣ್ಣದ ಪಟ್ಟಿಯೊಂದು ಅಡ್ಡಲಾಗಿ ಹಾದಿರುತ್ತದೆ. ಈ ಪಟ್ಟಿ ಎಲ್ಲ ಪತಂಗಗಳಲ್ಲೂ ಒಂದೇ ಅಗಲಕ್ಕೆ, ಒಂದೇ ಗಾಢತೆಗೆ ಇರುವುದಿಲ್ಲ. ಬಾಲದ ತುದಿಯಲ್ಲಿ ಕಪ್ಪು ಕೂದಲಿನ ಕುಚ್ಚು. ಹಾರುವಾಗ ದಿಕ್ಕು ಬದಲಿಸಬೇಕಾದರೆ ಈ ಕುಚ್ಚನ್ನು ಅಗಲಿಸುತ್ತದೆ, ನೇರ ಸಾಗುವಾಗ ಮುಚ್ಚಿಕೊಳ್ಳುತ್ತದೆ.

ರೆಕ್ಕೆಯೇ ಇದರ ಮುಖ್ಯ ಗುರುತು. ಪತಂಗ, ಚಿಟ್ಟೆಗಳ ರೆಕ್ಕೆ ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಅದು ರೆಕ್ಕೆಯ ಮೇಲೆ ಒತ್ತಾಗಿ ಜೋಡಿಸಿದ ಹುರುಪೆ. ಇದರ ರೆಕ್ಕೆಯಲ್ಲಿ ಆ ಹುರುಪೆ ಇಲ್ಲ. ಗಾಢ ಬಣ್ಣದ ನರಗಳು, ಅಂಚಿನಲ್ಲೊಂದು ತೆಳು ಗೆರೆ, ಬುಡದಲ್ಲಿ ಸ್ವಲ್ಪ ಹಸಿರು ರೋಮ, ಇಷ್ಟು ಬಿಟ್ಟರೆ ಉಳಿದದ್ದೆಲ್ಲ ಆಚೆಯ ಎಲೆ ಕಾಣುವಷ್ಟು ತಿಳಿ. ಹಿಂದಿನ ರೆಕ್ಕೆ ತೀರ ಚಿಕ್ಕದು. ಕೂತಾಗ ಅದು ಮುಂದಿನ ರೆಕ್ಕೆಯಡಿ ಅಡಗಿ, ಇರುವುದು ಒಂದೇ ಜೊತೆ ಎಂದು ಮೊದಲು ನೋಡಿದವರಿಗೆ ಅನಿಸುತ್ತದೆ.

ಮರ ಕೊರೆಯುವ ದೊಡ್ಡ ಕಪ್ಪು ದುಂಬಿಯೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ದೂರದಿಂದ ಸದ್ದು ಎರಡದ್ದೂ ಒಂದೇ ತೆರ. ಆದರೆ ದುಂಬಿ ಹೂವಿನ ಮೇಲೆ ಇಳಿಯುತ್ತದೆ, ದಳ ಬಾಗುತ್ತದೆ, ಕಾಲಿಗೆ ಪರಾಗ ಮೆತ್ತಿಕೊಳ್ಳುತ್ತದೆ. ಈ ಪತಂಗ ಹೂವನ್ನು ಮುಟ್ಟುವುದು ಹೀರುಗೊಳವೆಯಿಂದ ಮಾತ್ರ. ಎದುರಿಗೆ ನಿಂತೇ ಸುರುಳಿ ಬಿಚ್ಚಿ ಹೂವಿನೊಳಕ್ಕೆ ಇಳಿಸಿ, ಕ್ಷಣದಲ್ಲಿ ಹಿಂದೆ ಸರಿದು, ಪಕ್ಕದ ಹೂವಿಗೆ ಜಾರುತ್ತದೆ. ಒಂದು ಗೊಂಚಲಿನ ಹೂಗಳನ್ನೆಲ್ಲ ಹೀಗೆ ಮುಗಿಸಲು ಅದಕ್ಕೆ ಹೆಚ್ಚು ಹೊತ್ತು ಬೇಡ. ಬಿಸಿಲಿದ್ದಾಗ, ಬೆಳಗಿನ ಹೊತ್ತು ಮತ್ತು ಇಳಿಮಧ್ಯಾಹ್ನದ ನಂತರ, ಹುಡುಕಿದರೆ ಸಿಗುವ ಸಂಭವ ಹೆಚ್ಚು.

‘ಮೀಸೆಯ ತುದಿ ಗುಂಡಗಿದ್ದರೆ ಚಿಟ್ಟೆ, ಗರಿಯಂತೆಯೋ ದಾರದಂತೆಯೋ ಇದ್ದರೆ ಪತಂಗ’ ಎಂದು ಶಾಲೆಯಲ್ಲಿ ಕಲಿತ ಪಾಠ ಇಲ್ಲಿ ಕೈಕೊಡುತ್ತದೆ. ಈ ಪತಂಗದ ಮೀಸೆ ತುದಿಯತ್ತ ದಪ್ಪವಾಗುತ್ತ ಹೋಗಿ, ಕೊನೆಗೆ ಸಣ್ಣ ಕೊಕ್ಕೆಯಾಗಿ ಬಾಗಿದೆ. ‘ಹಗಲು ಹಾರಿದರೆ ಚಿಟ್ಟೆ’ ಎಂಬ ಮಾತೂ ಹಾಗೆಯೇ. ಹಗಲಲ್ಲಿ ಹಾರುವ ಪತಂಗಗಳು ನಮ್ಮಲ್ಲೇ ಎಷ್ಟೋ ಇವೆ. ಮ್ಯಾಕ್ರೋಗ್ಲಾಸಮ್ ಎಂಬ ಗುಂಪಿನವು ಇದರಂತೆಯೇ ಗಾಳಿಯಲ್ಲಿ ನಿಂತು ಮಕರಂದ ಹೀರುತ್ತವೆ, ಆದರೆ ಅವುಗಳ ರೆಕ್ಕೆ ಕಂದು, ಪಾರದರ್ಶಕವಲ್ಲ; ಹಲವು ಜಾತಿಗಳಲ್ಲಿ ಹಿಂದಿನ ರೆಕ್ಕೆಯಲ್ಲಿ ಹಳದಿ ಅಥವಾ ಕಿತ್ತಳೆ ಬಣ್ಣ ಮಿಂಚುತ್ತದೆ. ಕಣಜದಂತೆ ಕಾಣುವ ಅಮಾಟಾ ಪತಂಗದ ಕಪ್ಪು ರೆಕ್ಕೆಯಲ್ಲಿ ಪಾರದರ್ಶಕ ಕಿಟಕಿಗಳಿವೆ. ಅದು ನಿಧಾನ ಹಾರುತ್ತದೆ, ಹೂವಿನ ಮೇಲೆ ಕೂತೇ ಉಣ್ಣುತ್ತದೆ. ಅದರ ಒಂದು ಜಾತಿಯ ಹುಳು ಶ್ರೀಗಂಧದ ಎಲೆ ತಿನ್ನುವುದಕ್ಕೆ ಹೆಸರಾಗಿದೆ. ನೀಲಿ ಹಳದಿ ಬಣ್ಣದ ಡಿಸ್ಫೇನಿಯಾವನ್ನಂತೂ ಎಲ್ಲರೂ ಚಿಟ್ಟೆಯೆಂದೇ ತಿಳಿಯುತ್ತಾರೆ.

ಮೊಟ್ಟೆ, ಹುಳು

ಹೆಣ್ಣು ಪತಂಗ ಮೊಟ್ಟೆಗಳನ್ನು ಗುಂಪಾಗಿ ಇಡುವುದಿಲ್ಲ. ಎಳೆ ಚಿಗುರಿನ ಸುತ್ತ ಹಾರುತ್ತ, ಹೊಟ್ಟೆಯ ತುದಿ ಬಾಗಿಸಿ ಎಲೆಗೆ ತಾಗಿಸಿ, ಒಂದಿಟ್ಟು ಮುಂದೆ ಹೋಗುತ್ತದೆ. ಮೊಟ್ಟೆ ಗುಂಡಗೆ, ತಿಳಿ ಹಸಿರು, ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು. ಹುಡುಕಬೇಕಾದದ್ದು ಎಳೆಯೆಲೆಯ ತಳಭಾಗದಲ್ಲಿ. ಬಲಿತ ಎಲೆಯ ಮೇಲೆ ಸಮಯ ಕಳೆಯಬೇಡಿ. ಬೆಚ್ಚಗಿನ ದಿನಗಳಲ್ಲಿ ಮೂರು ನಾಲ್ಕು ದಿನಕ್ಕೆ ಮೊಟ್ಟೆ ಒಡೆಯುತ್ತದೆ.

ಹೊರಬಂದ ಮರಿಯ ಬಾಲದಲ್ಲಿ ಆಗಲೇ ಒಂದು ಕೊಂಬು. ಮೈಗೆ ಹೋಲಿಸಿದರೆ ಆಗ ಅದು ತೀರ ಉದ್ದ, ನೆಟ್ಟಗೆ, ಕಪ್ಪಗೆ. ಮರಿ ಬೆಳೆದಂತೆ ಕೊಂಬು ಮೈಯ ಅಳತೆಗೆ ಚಿಕ್ಕದಾಗುತ್ತ, ಹಿಂದಕ್ಕೆ ಬಾಗುತ್ತ ಬರುತ್ತದೆ. ಇದು ಕುಟುಕುತ್ತದೆ, ಮುಟ್ಟಿದರೆ ತುರಿಕೆ ಬರುತ್ತದೆ ಎಂಬ ಭಯ ಅನೇಕರಿಗಿದೆ. ಕೊಂಬಿನಲ್ಲಿ ವಿಷವಿಲ್ಲ, ಮೈಮೇಲೆ ತುರಿಸುವ ರೋಮವೂ ಇಲ್ಲ. ಕಂಬಳಿಹುಳುವಿಗೂ ಇದಕ್ಕೂ ಸಂಬಂಧವಿಲ್ಲವೆಂದು ಮಕ್ಕಳಿಗೆ ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ರೋಮವಿರುವ ಹುಳುವನ್ನು ಮುಟ್ಟಬಾರದು ಎಂಬ ಎಚ್ಚರವನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಪೊರೆ ಬಿಡುತ್ತ, ಹಿಗ್ಗುತ್ತ, ಐದು ಹಂತ ದಾಟಿ ಹುಳು ಆರು ಸೆಂಟಿಮೀಟರಿನ ಆಸುಪಾಸಿಗೆ ಬೆಳೆಯುತ್ತದೆ. ಹೆಚ್ಚಿನವು ಹಸಿರು, ತಲೆಯ ಹಿಂದಿನಿಂದ ಕೊಂಬಿನವರೆಗೆ ಎರಡೂ ಪಕ್ಕದಲ್ಲಿ ಬಿಳಿಚಿದ ಗೆರೆ. ಪಕ್ಕದ ಉಸಿರುರಂಧ್ರಗಳು ಕೆಂಪಾಗಿ, ಬಿಳಿಯ ಅಂಚಿನೊಂದಿಗೆ ಸಾಲಾಗಿ ಕಾಣುತ್ತವೆ. ಹಸಿರು ಹುಳುವಿನ ಮೈಮೇಲೆ ಅವೇ ಮೊದಲು ಕಣ್ಣಿಗೆ ಬೀಳುವುದು. ಒಂದೇ ಗಿಡದಲ್ಲಿ ಕಪ್ಪು ಬಣ್ಣ ಬೆರೆತ ಹುಳುಗಳೂ ಸಿಗಬಹುದು. ಅವನ್ನು ಬೇರೆ ಜಾತಿ ಎಂದುಕೊಳ್ಳಬೇಡಿ.

ದೊಡ್ಡ ಹುಳುವನ್ನೂ ಹುಡುಕುವುದು ಸುಲಭವಲ್ಲ. ಎಲೆಯ ಅಡಿಯಲ್ಲಿ ನಡುನರಕ್ಕೆ ಸಮನಾಗಿ ಅಂಟಿಕೊಂಡರೆ ಅದರ ಪಕ್ಕದ ಗೆರೆ ಎಲೆಯ ನರದೊಂದಿಗೆ ಸೇರಿಹೋಗುತ್ತದೆ. ಆದ್ದರಿಂದ ಗಿಡ ನೋಡುವ ಮೊದಲು ನೆಲ ನೋಡಿ. ಹಿಕ್ಕೆ ಕಾಳುಮೆಣಸಿನಷ್ಟು ದಪ್ಪವಾಗಿದ್ದರೆ ಹುಳು ಕೊನೆಯ ಹಂತಕ್ಕೆ ಬಂದಿದೆ. ಒಂದನ್ನು ಅಂಗೈಗೆ ಹಾಕಿಕೊಂಡು ಭೂತಗನ್ನಡಿಯಲ್ಲಿ ನೋಡಿದರೆ ಉದ್ದಕ್ಕೆ ಹಾದ ಆರು ಏಣುಗಳು ಕಾಣುತ್ತವೆ. ಸ್ಫಿಂಜಿಡೇ ಕುಟುಂಬದ ಹುಳುಗಳ ಹಿಕ್ಕೆಗೆ ಇದೇ ಅಚ್ಚು. ಹಸಿರಾಗಿ ಮೆತ್ತಗಿದ್ದರೆ ಈಗಷ್ಟೇ ಬಿದ್ದದ್ದು, ಅದರ ನೇರ ಮೇಲೆ ಕತ್ತೆತ್ತಿ. ಒಣಗಿ ಕಪ್ಪಾಗಿ ಪುಡಿಯಾಗುವಂತಿದ್ದರೆ ಹುಳು ಬೇರೆ ಕೊಂಬೆಗೆ ಹೋಗಿದೆ ಅಥವಾ ಹಕ್ಕಿಯ ಪಾಲಾಗಿದೆ.

ಹಕ್ಕಿಗಳಷ್ಟೇ ಅಲ್ಲ, ಇನ್ನೂ ಸಣ್ಣ ಶತ್ರುಗಳಿವೆ. ಮೊಟ್ಟೆಯೊಳಗೇ ಮೊಟ್ಟೆಯಿಡುವ ಟ್ರೈಕೋಗ್ರಾಮಾದಂಥ ಕಣಜಗಳು ಗಾತ್ರದಲ್ಲಿ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಹುಳುವಿನ ಮೈಯೊಳಗೆ ಬೆಳೆಯುವ ಕಣಜದ ಮರಿಗಳು ಹೊರಬಂದು ಅದರ ಬೆನ್ನ ಮೇಲೆಯೇ ಬಿಳಿಯ ಗೂಡು ನೇಯುವುದುಂಟು. ‘ಹುಳು ಮೊಟ್ಟೆ ಇಟ್ಟಿದೆ’ ಎಂದು ಜನ ತೋರಿಸುವುದು ಇದನ್ನೇ. ಹುಳು ಮೊಟ್ಟೆ ಇಡುವುದಿಲ್ಲ, ಇಡುವುದು ಪತಂಗ ಮಾತ್ರ. ಅಂಥ ಹುಳು ಬದುಕುವುದಿಲ್ಲ, ಆದರೆ ಅದನ್ನು ಕಿತ್ತೆಸೆಯಬೇಡಿ. ಆ ಕಣಜಗಳೇ ನಿಮ್ಮ ತೋಟದ ಹುಳುಗಳ ಲೆಕ್ಕ ಹದ್ದುಮೀರದಂತೆ ನೋಡಿಕೊಳ್ಳುವುದು.

ಡಬ್ಬಿಯೊಳಗೆ ಸಾಕುವ ಕ್ರಮ

ಎರಡು ಮೂರು ಹುಳು ಸಾಕು. ಹೆಚ್ಚು ತಂದರೆ ಎಲೆ ಒದಗಿಸುವುದರಲ್ಲೇ ಉಸಿರು ಹೋಗುತ್ತದೆ; ಕೊನೆಯ ಹಂತದ ಹುಳು ತಿನ್ನುವ ಪ್ರಮಾಣ ಅದರ ಉಳಿದ ಬಾಳಿನಲ್ಲಿ ತಿಂದದ್ದೆಲ್ಲ ಸೇರಿದರೂ ಮೀರುತ್ತದೆ. ಹುಳುವನ್ನು ಎಲೆಯಿಂದ ಎಳೆದು ಬಿಡಿಸಬಾರದು. ಅದರ ಹಿಂಗಾಲಿನ ಹಿಡಿತ ಗಟ್ಟಿ, ಎಳೆದರೆ ಕಾಲು ಹರಿಯುತ್ತದೆ. ಕೂತ ಕೊಂಬೆಯನ್ನೇ ಕತ್ತರಿಸಿ ತನ್ನಿ.

ದೊಡ್ಡ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಅಥವಾ ಹಳೆಯ ಬಕೆಟ್ ಆಗುತ್ತದೆ. ತಳಕ್ಕೆ ಹಳೆಯ ಪತ್ರಿಕೆ, ಬಾಯಿಗೆ ಸೊಳ್ಳೆಪರದೆಯ ಬಟ್ಟೆ, ಸುತ್ತ ರಬ್ಬರ್ ಬ್ಯಾಂಡ್. ಮುಚ್ಚಳ ಬಿಗಿದರೆ ಒಳಗೆ ಬೆವರಿ ಎಲೆಗೂ ಹುಳುವಿಗೂ ಬೂಸ್ಟು ಹಿಡಿಯುತ್ತದೆ. ಎಲೆ ಬೇಗ ಬಾಡದಿರಲೆಂದು ಕೊಂಬೆಯ ಬುಡವನ್ನು ನೀರಿನ ಪುಟ್ಟ ಶೀಶೆಯಲ್ಲಿ ಇಡಬಹುದು, ಆದರೆ ಶೀಶೆಯ ಬಾಯಿಯ ಸಂದಿಗೆ ಹತ್ತಿ ತುರುಕಲೇಬೇಕು. ಇಲ್ಲವಾದರೆ ಹುಳು ಕಡ್ಡಿಯ ಜಾಡು ಹಿಡಿದು ಇಳಿದು ನೀರಿನಲ್ಲಿ ಮುಳುಗುತ್ತದೆ. ದಿನಕ್ಕೊಮ್ಮೆ ಪತ್ರಿಕೆ ಬದಲಿಸಿ, ಹೊಸ ಕೊಂಬೆಯನ್ನು ಹಳೆಯದರ ಪಕ್ಕ ನಿಲ್ಲಿಸಿ. ಹುಳು ತಾನಾಗಿ ಹತ್ತಿಕೊಳ್ಳುತ್ತದೆ. ಹುಳು ಅಲುಗಾಡದೆ, ತಿನ್ನದೆ, ಒಂದು ದಿನವಿಡೀ ತಲೆ ಬಗ್ಗಿಸಿ ಕೂತಿದ್ದರೆ ಅದು ಪೊರೆ ಬಿಡುವ ಹೊತ್ತು. ಆಗ ಮುಟ್ಟಿದರೆ ಸತ್ತೇಹೋಗಬಹುದು.

ಇರುವೆಯ ಕಾಟ ಮರೆಯಬೇಡಿ. ಡಬ್ಬಿಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟ ಇಟ್ಟಿಗೆಯ ಮೇಲೆ ಇಟ್ಟರೆ ಆ ಚಿಂತೆ ಇಲ್ಲ. ಬಿಸಿಲು ನೇರವಾಗಿ ಬೀಳುವ ಕಿಟಕಿಯೂ ಬೇಡ, ಸೊಳ್ಳೆಬತ್ತಿ ಉರಿಸುವ ಕೋಣೆಯಂತೂ ಬೇಡವೇ ಬೇಡ.

ಹುಳುವಾಗಿ ಎರಡು ಮೂರು ವಾರ ಕಳೆದ ಮೇಲೆ ಒಂದು ದಿನ ನಡವಳಿಕೆ ಬದಲಾಗುತ್ತದೆ. ಊಟ ಬಿಡುತ್ತದೆ, ಹಿಕ್ಕೆ ತೆಳುವಾಗಿ ಒದ್ದೆಯಾಗುತ್ತದೆ, ಹಸಿರು ಮಾಸಿ ಮೈಗೆ ಕಂದು, ನೇರಳೆ ಛಾಯೆ ಬರುತ್ತದೆ. ಡಬ್ಬಿಯ ತಳದಲ್ಲಿ ನಿಲ್ಲದೆ ಸುತ್ತುತ್ತದೆ. ಹುಳುವಿಗೆ ರೋಗ ಬಂತೆಂದು ಮೊದಲ ಬಾರಿ ಸಾಕುವವರು ಗಾಬರಿಯಾಗುವುದು ಇಲ್ಲೇ. ಅದಕ್ಕೆ ಬೇಕಿರುವುದು ನೆಲ. ಗಿಡದ ಮೇಲಿದ್ದಿದ್ದರೆ ಇಷ್ಟರಲ್ಲಿ ಇಳಿದು ತರಗೆಲೆಯಡಿ ಜಾಗ ಹುಡುಕುತ್ತಿತ್ತು. ಸಡಿಲ ಮಣ್ಣು ಅಥವಾ ತೆಂಗಿನ ನಾರಿನ ಪುಡಿಯನ್ನು ನಾಲ್ಕೈದು ಬೆರಳಿನಷ್ಟು ಹರವಿ, ಮೇಲೆ ಒಣ ಎಲೆ ಮುಚ್ಚಿ, ಹುಳುವನ್ನು ಅದರೊಳಗೆ ಬಿಡಿ. ಎಲೆ, ಮಣ್ಣುಗಳನ್ನು ನಾಲ್ಕು ಎಳೆ ರೇಷ್ಮೆಯಿಂದ ಹೆಣೆದು ಸಡಿಲ ಗೂಡು ಮಾಡಿ, ಅದರೊಳಗೆ ಕೊನೆಯ ಪೊರೆ ಬಿಟ್ಟು ಕೋಶವಾಗುತ್ತದೆ. ರೇಷ್ಮೆಹುಳುವಿನ ಗೂಡಿನ ಗಟ್ಟಿತನ ಇದಕ್ಕಿಲ್ಲ, ಬೆರಳು ತಾಗಿದರೂ ಬಿಚ್ಚಿಹೋಗುತ್ತದೆ. ಕಡಿಮೆಯೆಂದರೆ ಒಂದು ವಾರ ಅದನ್ನು ಕೆದಕಬೇಡಿ. ಹೊಸ ಕೋಶದ ಚರ್ಮ ಮೆತ್ತಗಿರುತ್ತದೆ.

ಬಲಿತ ಕೋಶ ಗಾಢ ಕಂದು, ಹೊಳಪಿನದು, ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದರೆ ಹಿಂಭಾಗವನ್ನು ತಿರುಗಿಸುತ್ತದೆ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಮೇಲಿನ ಎಲೆಗೆ ಸ್ವಲ್ಪ ನೀರು ಚಿಮುಕಿಸಿ. ಮಣ್ಣು ಕೆಸರಾದರೆ ಕೋಶ ಕೊಳೆಯುತ್ತದೆ, ಪೂರ್ತಿ ಒಣಗಿದರೆ ಒಳಗಿನ ಪತಂಗಕ್ಕೆ ಪೊರೆ ಸೀಳಲಾಗದು. ಒರಟು ತೊಗಟೆಯ ಕಡ್ಡಿಯೊಂದನ್ನು ಡಬ್ಬಿಯ ಗೋಡೆಗೆ ಒರಗಿಸಿಡುವುದು ಇಡೀ ಸಾಕಣೆಯಲ್ಲಿ ಅತಿ ಮುಖ್ಯವಾದ ಕೆಲಸ. ಹೊರಬಂದ ಪತಂಗ ಏನನ್ನಾದರೂ ಹತ್ತಿ ರೆಕ್ಕೆಯನ್ನು ಇಳಿಬಿಡಬೇಕು. ನುಣುಪಾದ ಪ್ಲಾಸ್ಟಿಕ್ ಗೋಡೆಯಲ್ಲಿ ಜಾರಿ ಬಿದ್ದರೆ ರೆಕ್ಕೆ ಮುದುಡಿದಂತೆಯೇ ಒಣಗುತ್ತದೆ, ಆಮೇಲೆ ಅದನ್ನು ಸರಿಪಡಿಸುವ ದಾರಿಯಿಲ್ಲ.

ಮೊದಲ ಹಾರಾಟದ ಪುಡಿ

ಎರಡು ಮೂರು ವಾರಗಳ ನಂತರ, ಸಾಮಾನ್ಯವಾಗಿ ಬೆಳಗಿನ ಹೊತ್ತಿನಲ್ಲಿ, ಪತಂಗ ಹೊರಬರುತ್ತದೆ. ಈ ಜೀವಿಯ ಇಡೀ ಬದುಕಿನಲ್ಲಿ ನೋಡಲೇಬೇಕಾದ ಒಂದು ಗಳಿಗೆ ಯಾವುದೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಮೊದಲು ರೆಕ್ಕೆಗಳು ಸಣ್ಣ ಒದ್ದೆ ಮಡಿಕೆಗಳು. ಕಡ್ಡಿ ಹತ್ತಿ ಕೂತ ಪತಂಗ ಮೈಯೊಳಗಿನ ದ್ರವವನ್ನು ರೆಕ್ಕೆಯ ನರಗಳಿಗೆ ತಳ್ಳುತ್ತ ಹೋದಂತೆ ಅವು ಬಿಚ್ಚಿಕೊಳ್ಳುತ್ತವೆ. ಹಿಗ್ಗಿದ ರೆಕ್ಕೆಗಳನ್ನು ಸ್ವಲ್ಪ ಹೊತ್ತು ಬೆನ್ನಿನ ಮೇಲೆ ಎತ್ತಿ ಹಿಡಿದು, ಆಮೇಲೆ ಎರಡೂ ಪಕ್ಕಕ್ಕೆ ಇಳಿಸುತ್ತದೆ. ಈಗ ಗಮನವಿಟ್ಟು ನೋಡಿ: ರೆಕ್ಕೆ ಪಾರದರ್ಶಕವಾಗಿಲ್ಲ! ಬೂದುಬಣ್ಣದ ಹುರುಪೆ ಅದರ ತುಂಬ ಹರಡಿದೆ. ಎಲ್ಲ ಪತಂಗಗಳಂತೆ ಇದೂ ಹುರುಪೆ ಹೊದ್ದೇ ಹುಟ್ಟುತ್ತದೆ.

ರೆಕ್ಕೆ ಒಣಗಿದ ಮೇಲೆ ಪತಂಗ ನಡುಗಲು ತೊಡಗುತ್ತದೆ. ಹಾರುವ ಸ್ನಾಯುಗಳು ಬಿಸಿಯೇರದೆ ಇಷ್ಟು ದಪ್ಪ ಮೈ ಮೇಲೇಳದು. ಈ ಕುಟುಂಬದ ಪತಂಗಗಳು ಎದೆಯ ಸ್ನಾಯುಗಳನ್ನು ನಡುಗಿಸಿ, ಅಲ್ಲಿಯ ಉಷ್ಣಾಂಶವನ್ನು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೂ ಅದರಾಚೆಗೂ ಏರಿಸಿಕೊಂಡೇ ಹಾರುತ್ತವೆ. ಆ ನಡುಕದಲ್ಲಿ, ಮತ್ತು ಮೊದಲ ರೆಕ್ಕೆಬಡಿತದಲ್ಲಿ, ಸಡಿಲವಾಗಿ ನಾಟಿಕೊಂಡಿದ್ದ ಹುರುಪೆಯೆಲ್ಲ ಉದುರಿ ಗಾಳಿಯಲ್ಲಿ ಬೂದಿಯಾಗಿ ಏಳುತ್ತದೆ. ಕಡ್ಡಿಯ ಕೆಳಗೆ ಕಪ್ಪು ಕಾಗದ ಹಾಸಿದ್ದರೆ ಆ ಪುಡಿ ಚೆನ್ನಾಗಿ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಒಂದೊಂದು ಕಣವೂ ತೆಳ್ಳನೆಯ ಚಪ್ಪಟೆ ಎಸಳು. ಕಡ್ಡಿ ಬಿಟ್ಟು ಎದ್ದಾಗ ರೆಕ್ಕೆ ತಿಳಿಯಾಗಿರುತ್ತದೆ.

ಹುರುಪೆ ಕಳೆದುಕೊಳ್ಳುವುದರಲ್ಲಿ ಲಾಭವಿಲ್ಲದಿದ್ದರೆ ಈ ಏರ್ಪಾಡು ಉಳಿಯುತ್ತಿರಲಿಲ್ಲ. ಹಗಲು ಹಾರುವ ಜೀವಿಗೆ ಹಕ್ಕಿಗಳ ಕಣ್ಣೇ ದೊಡ್ಡ ಅಪಾಯ. ತಿಳಿ ರೆಕ್ಕೆ, ಪಟ್ಟಿಯಿರುವ ದಪ್ಪ ಉದರ, ಗುಂಯ್ ಸದ್ದು, ಎಲ್ಲ ಸೇರಿ ಕುಟುಕುವ ದುಂಬಿಯೆಂಬ ಭ್ರಮೆ ಹುಟ್ಟಿಸುತ್ತವೆ. ಆದರೆ ಗಾಜಿನಂಥ ರೆಕ್ಕೆ ಬಿಸಿಲಿಗೆ ಥಳಥಳಿಸಿದರೆ ಅದೇ ಶತ್ರುವನ್ನು ಕರೆದಂತಾಗುತ್ತದೆ. ಇದಕ್ಕೂ ಉಪಾಯವಿದೆ. ಜಪಾನಿನ ವಿಜ್ಞಾನಿಗಳು 1990ರ ದಶಕದ ಕೊನೆಯಲ್ಲಿ ಇದೇ ಜಾತಿಯ ರೆಕ್ಕೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನುಣುಪಾಗಿ ಕಂಡ ಆ ಮೇಲ್ಮೈಯಲ್ಲಿ ಸುಮಾರು 200 ನ್ಯಾನೋಮೀಟರ್ ಅಂತರಕ್ಕೊಂದರಂತೆ ಕ್ರಮಬದ್ಧವಾಗಿ ಸಣ್ಣ ಉಬ್ಬುಗಳು ಜೋಡಿಸಿಕೊಂಡಿರುವುದು ಕಂಡಿತು. ಬೆಳಕಿನ ತರಂಗಕ್ಕಿಂತ ಚಿಕ್ಕದಾದ ಈ ಉಬ್ಬುಗಳಿಂದಾಗಿ ಗಾಳಿಯಿಂದ ರೆಕ್ಕೆಗೆ ಬರುವ ಬೆಳಕು ಥಟ್ಟನೆ ತಿರುಗಿ ಪ್ರತಿಫಲಿಸುವ ಬದಲು ದಾಟಿಹೋಗುತ್ತದೆ. ಉಬ್ಬುಗಳನ್ನು ಕೆಡಿಸಿದ ಕಡೆ ರೆಕ್ಕೆಯ ಹೊಳಪು ಹೆಚ್ಚಾಯಿತು. ಕನ್ನಡಕದ ಗಾಜಿಗೆ, ಸೌರಫಲಕಕ್ಕೆ ಹೊಳಪು ತಗ್ಗಿಸುವ ಲೇಪ ಹುಡುಕುವವರು ಪತಂಗಗಳ ರೆಕ್ಕೆ, ಕಣ್ಣುಗಳತ್ತ ನೋಡುವುದು ಇದೇ ಕಾರಣಕ್ಕೆ. ನಿಮ್ಮ ಗಂಧರಾಜದ ಎಲೆ ತಿಂದ ಹುಳುವಿನ ಮೈಯಲ್ಲಿ ಅಷ್ಟೊಂದು ಸೂಕ್ಷ್ಮ ಕೆಲಸ ನಡೆದಿರುತ್ತದೆ.

ಸಾಕಿದ ಪತಂಗವನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳಬಾರದು. ಬಡಿದಾಡಿ ರೆಕ್ಕೆ ಹರಿದುಕೊಳ್ಳುತ್ತದೆ. ಮಳೆ ಇಲ್ಲದ ಹೊತ್ತು ನೋಡಿ, ಕಡ್ಡಿ ಸಮೇತ ಹೂಗಿಡದ ಹತ್ತಿರ ಇಟ್ಟುಬಿಡಿ.

ಕಾಫಿ ತೋಟದಲ್ಲಿ

ಹೆಸರಿನಲ್ಲೇ ಕಾಫಿ ಇದ್ದರೂ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ನಿದ್ದೆ ಕೆಡಿಸುವ ಹುಳು ಇದಲ್ಲ. ಅಲ್ಲಿ ದೊಡ್ಡ ತಲೆನೋವು ಅರೇಬಿಕಾದ ಬಿಳಿ ಕಾಂಡಕೊರಕ ಮತ್ತು ಕಾಯಿಕೊರಕ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯ ಕೀಟ ವಿಭಾಗವೂ ಆ ಎರಡರ ಮೇಲೆ ಕೆಲಸ ಮಾಡಿದೆ. ಬೆಳೆದ ಕಾಫಿ ಗಿಡಕ್ಕೆ ನಾಲ್ಕಾರು ದುಂಬಿ ಪತಂಗದ ಹುಳುಗಳಿಂದ ಏನೂ ಆಗುವುದಿಲ್ಲ. ಕಣ್ಣಿಡಬೇಕಾದದ್ದು ನರ್ಸರಿಯ ಚೀಲದ ಸಸಿಗಳ ಮೇಲೆ. ಕೆಲವೇ ಎಲೆಗಳಿರುವ ಸಸಿಯನ್ನು ದೊಡ್ಡ ಹುಳುವೊಂದು ಬೋಳಿಸಬಲ್ಲದು. ಬೆಳಿಗ್ಗೆ ಸಸಿಗಳ ನಡುವೆ ಓಡಾಡುವಾಗ ಹಿಕ್ಕೆ ನೋಡಿ, ಕೈಯಿಂದ ಆರಿಸಿ, ತೋಟದ ಅಂಚಿನ ಬಿಕ್ಕೆಗೋ ಕಾರೆಗೋ ಬಿಟ್ಟರೆ ಕೆಲಸ ಮುಗಿಯಿತು. ಆಳಿನ ಸಂಬಳದಲ್ಲಿ ನೋಡಿದರೂ ಸಿಂಪಡಣೆಗಿಂತ ಇದು ಅಗ್ಗ.

ನಮ್ಮ ನೆಲದಲ್ಲಿ ಈ ಕುಟುಂಬದ ಪತಂಗಗಳನ್ನು ಅರಿತದ್ದರ ಹಿಂದೆ ಕಾರವಾರದ ಹೆಸರಿದೆ. ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಉತ್ತರ ಕನ್ನಡದ ಕಾಡುಗಳಲ್ಲಿ ವರ್ಷಗಟ್ಟಲೆ ಹುಳುಗಳನ್ನು ಹುಡುಕಿ, ಸಾಕಿ, ಯಾವುದು ಯಾವ ಗಿಡ ತಿನ್ನುತ್ತದೆ, ಯಾವ ಹಂತದಲ್ಲಿ ಹೇಗೆ ಕಾಣುತ್ತದೆ ಎಂದು ಬರೆದಿಟ್ಟವರು. ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲೇ ತೀರಿಕೊಂಡರು. ಎಫ್. ಬಿ. ಸ್ಕಾಟ್ ಜೊತೆಗೂಡಿ ಅವರು ಬರೆದ ಭಾರತದ ಸ್ಫಿಂಜಿಡೇ ಪತಂಗಗಳ ಸಂಪುಟ 1937ರಲ್ಲಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಬಂತು. ಇವತ್ತಿಗೂ ಈ ಕುಟುಂಬದ ಹುಳು ಗುರುತಿಸಬೇಕಾದವರು ಆ ಪುಸ್ತಕ ತೆರೆಯುತ್ತಾರೆ. ಸತ್ತ ಪತಂಗವನ್ನು ಸೂಜಿಗೆ ಚುಚ್ಚಿಡುವುದೇ ಅಧ್ಯಯನವೆನಿಸಿದ್ದ ಕಾಲದಲ್ಲಿ ಬದುಕಿರುವ ಹುಳುವಿಗೆ ದಿನಾ ಎಲೆ ಹಾಕಿ ನೋಡಿದ್ದು ಬೆಲ್ ಅವರ ದೊಡ್ಡತನ ಎಂದು ನನಗನಿಸುತ್ತದೆ. ಆ ಕೆಲಸಕ್ಕೆ ಬೇಕಾದ ಸಲಕರಣೆ ಇಂದೂ ಡಬ್ಬಿ, ಎಲೆ, ದಿನಚರಿ ಪುಸ್ತಕ ಇಷ್ಟೇ.

ತೋಟದಲ್ಲಿ ಉಳಿಸಿಕೊಳ್ಳಬೇಕಾದರೆ

ಹೊಸ ಗಂಧರಾಜವನ್ನು ನರ್ಸರಿಯಿಂದ ತಂದ ಕೂಡಲೇ ಅದರ ಎಲೆಯನ್ನು ಸಾಕಿದ ಹುಳುವಿಗೆ ಹಾಕಬೇಡಿ. ಗಿಡದ ರಸದಲ್ಲಿ ಸೇರುವ ಬಗೆಯ ಕೀಟನಾಶಕ ಹಾಕಿದ್ದರೆ ತೊಳೆದರೂ ಹೋಗುವುದಿಲ್ಲ. ಅಂಥ ಎಲೆ ತಿಂದ ಹುಳು ಸೊರಗಿ, ಹಸಿರು ನೀರು ಕಾರಿ ಸಾಯುತ್ತದೆ. ಗಿಡ ನಿಮ್ಮ ಮಣ್ಣಿನಲ್ಲಿ ಹೊಸದಾಗಿ ಎರಡು ಸುತ್ತು ಚಿಗುರುವವರೆಗೆ ಕಾಯಿರಿ. ಹಳೆಯ ಗಿಡವಿರುವ ನೆರೆಮನೆಯಿಂದ ಕೊಂಬೆ ಕೇಳಿ ತರುವುದು ಇನ್ನೂ ಒಳ್ಳೆಯದು, ಅವರು ಏನೂ ಸಿಂಪಡಿಸಿಲ್ಲವೆಂದು ಕೇಳಿಕೊಂಡು.

ಹೂ ಮುಖ್ಯ ಎನ್ನುವವರು ಗಿಡದ ಒಂದು ಪಕ್ಕವನ್ನು ಹುಳುವಿಗೆ ಬಿಡಿ. ಉಳಿದ ಕಡೆ ಕಂಡ ಹುಳುಗಳನ್ನು ಎಲೆ ಸಮೇತ ಕಿತ್ತು ಆ ಪಕ್ಕಕ್ಕೆ ಸಾಗಿಸಿ. ಆರೋಗ್ಯವಾಗಿರುವ ಗಂಧರಾಜ ಎಲೆ ಕಳೆದುಕೊಂಡ ಕೊಂಬೆಯನ್ನು ಮತ್ತೆ ಚಿಗುರಿಸುತ್ತದೆ. ಬುಡಕ್ಕೆ ಗೊಬ್ಬರ, ಒಂದೆರಡು ವಾರ ಸರಿಯಾಗಿ ನೀರು ಸಿಕ್ಕರೆ ಸಾಕು. ಎಲೆಯಿಲ್ಲವೆಂದು ಗಿಡ ಕಡಿದವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಿಟಿ ಬ್ಯಾಕ್ಟೀರಿಯಾದ ಪುಡಿ ಸಾವಯವ ಎಂದು ಮಾರಾಟವಾಗುತ್ತದೆ, ಹುಳುವಿಗೆ ಅದೂ ಸಾವೇ. ಗಿಡದಡಿಯ ತರಗೆಲೆ ಗುಡಿಸಿ ಸುಡುವ ಅಭ್ಯಾಸವಿದ್ದರೆ ಬಿಡಿ, ಕೋಶಗಳಿರುವುದು ಅದರೊಳಗೇ. ಅಂಗಳ ಚೊಕ್ಕಟವಾಗಿರಲೇಬೇಕೆಂದರೆ ಗಂಧರಾಜದ ಬುಡದ ಒಂದು ಮಾರು ಜಾಗ ಮಾತ್ರ ಬಿಟ್ಟು ಗುಡಿಸಿ.

ಪತಂಗಕ್ಕೆ ಮಕರಂದ ಬೇಕು. ಉದ್ದ ಕೊಳವೆಯ ಸಣ್ಣ ಹೂಗಳು ಗೊಂಚಲಾಗಿ ಅರಳುವ ಕೇಪಳ, ಪೆಂಟಾಸ್, ಡುರಾಂಟಾ ಇದ್ದರೆ ಬಂದೇ ಬರುತ್ತದೆ. ಫೋಟೋ ತೆಗೆಯುವ ಆಸೆಯಿದ್ದರೆ ಅದರ ಹಿಂದೆ ಓಡಬೇಡಿ. ಒಂದು ಗೊಂಚಲು ಮುಗಿಸಿ ಹೋದ ಪತಂಗ ತುಸು ಹೊತ್ತಿನಲ್ಲಿ ಅದೇ ಗಿಡಕ್ಕೆ ಮರಳುವುದು ಹೆಚ್ಚು, ಆದ್ದರಿಂದ ಹೂವಿಗೆ ಫೋಕಸ್ ಹಿಡಿದು ನಿಂತಲ್ಲೇ ಕಾಯಿರಿ. ರೆಕ್ಕೆಯನ್ನು ನಿಶ್ಚಲವಾಗಿ ಹಿಡಿಯಬೇಕಾದರೆ ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 2000ದ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಆಗದು. ಮೊಬೈಲಾದರೆ ನಿಧಾನಗತಿಯ ವಿಡಿಯೋ ತೆಗೆದು, ಅದರಿಂದ ಒಂದು ಚೌಕಟ್ಟನ್ನು ಆರಿಸಿಕೊಳ್ಳಿ. ಬೆನ್ನಿನ ಕಡೆಯಿಂದಲೂ ಪಕ್ಕದಿಂದಲೂ ಒಂದೊಂದು ಚಿತ್ರ ಇರಲಿ, ಏಕೆಂದರೆ ಇದೇ ಕುಲದ ಇನ್ನೊಂದು ಪತಂಗ, ಸೆಫೋನೋಡಿಸ್ ಪೈಕಸ್, ಮೇಲ್ನೋಟಕ್ಕೆ ಇದರಂತೆಯೇ ಇದೆ. ಗುರುತಿಸಿಕೊಡುವವರಿಗೆ ಉದರದ ಪಟ್ಟಿ ಸ್ಪಷ್ಟವಾಗಿ ಕಾಣಬೇಕು.

ಹುಡುಕಲು ಒಳ್ಳೆಯ ಕಾಲ ಗಿಡ ಚಿಗುರುವ ಕಾಲ. ಮುಂಗಾರಿಗೆ ಮುಂಚಿನ ಮಳೆ ಬಿದ್ದ ಮೇಲೆ ಮತ್ತು ಮಳೆ ಹಿಂದೆ ಸರಿದ ಮೇಲೆ ಗಂಧರಾಜ ಹೊಸ ಎಲೆ ಬಿಡುತ್ತದೆ. ಹೂ ಮುಗಿದ ಗಿಡವನ್ನು ಹಗುರವಾಗಿ ಕತ್ತರಿಸಿ ನೀರು ಹಾಕಿದರೂ ಕೆಲವೇ ವಾರಗಳಲ್ಲಿ ಚಿಗುರು ಕಾಣಿಸುತ್ತದೆ. ಆ ಚಿಗುರು ಎರಡಂಗುಲ ಬಂದಾಗಿನಿಂದ ದಿನಾ ಬೆಳಿಗ್ಗೆ ಎಲೆಯ ತಳ ತಿರುಗಿಸಿ ನೋಡುತ್ತಿರಿ.